ಗುಲಾಬಿ ಬಣ್ಣದ ಈರುಳ್ಳಿ

ಗುಣವತಿಬಾಯಿ ಹೂ ಬರೆಯುತ್ತಾರೆಂದು ಕೇಳಿದಾಗ, ಮದುವೆ ಪತ್ರಿಕೆಯ ಮೂಲೆಗೆ ಗುಲಾಬಿ ಮೂಡಿಸುವ ನಾಜೂಕಿನ ಹೆಂಗಸೆಂದೇ ನಾವೆಲ್ಲ ತಿಳಿದಿದ್ದೆವು. ನಾಸಿಕದ ಹತ್ತಿರದ ಓಝರಿನಲ್ಲಿ ಅವರ ಮನೆ ಬಾಗಿಲಿಗೆ ಹೋದರೆ ಮೂಗೇ ಸತ್ಯ ಹೇಳುತ್ತಿತ್ತು. ತಂಬಿಗೆಯಲ್ಲಿ ಬೇರುಸಮೇತ ನಿಂತ ಈರುಳ್ಳಿ ಗಿಡ, ಕೊಳೆಯುತ್ತಿದ್ದ ಗಡ್ಡೆ, ನಾಲ್ಕು ದಿನದ ನೀರು. ವಿಮಾನ ಕಾರ್ಖಾನೆಗೆ ಹೋಗುವ ಗಂಡ ಮನ್ಮಥಪ್ಪ ವರಾಂಡದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ.

ಬೀದರಿನ ಈ ಹೆಣ್ಣುಮಗಳಿಗೆ ಆ ನಾತ ಲೆಕ್ಕಕ್ಕೇ ಇರಲಿಲ್ಲ. ೧೯೬೮ರಲ್ಲಿ ನಾಸಿಕದ ಕಾಲೇಜೊಂದು ಬೆಳೆಗಳ ಪುಸ್ತಕ ತರುವುದಿತ್ತು. ನಲವತ್ತು ಚಿತ್ರಗಳೂ ಬಾಯಿಯವರದೇ. ಅವರ ಹೆಸರಿಗೆ ಜಾಗ ಮಾತ್ರ ಮೊದಲ ಪುಟದ ಈರುಳ್ಳಿಯ ಕೆಳಗೆ. ಉಳಿದ ಜಾಗವನ್ನೆಲ್ಲ ಸಂಪಾದಕ ಪ್ರೊಫೆಸರ್ ಉಮಾನಾಥರ ಹೆಸರು, ಪದವಿಗಳೇ ಹಿಡಿದಿದ್ದವು.

ಬೀಜಕ್ಕೆ ಬಿಟ್ಟ ಈರುಳ್ಳಿಯನ್ನು ಪಿಂಪಳಗಾಂವ್ ಬಸವಂತದ ಹೊಲದಿಂದ ಬಾಯಿ ತಾವೇ ಕಿತ್ತು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಚೆಂಡಿನಂಥ ಆ ಗೊಂಚಲು ದಿನಕ್ಕಿಷ್ಟೇ ಅರಳುತ್ತದೆ. ಅರಳಿದಷ್ಟನ್ನೇ ಭೂತಗನ್ನಡಿಯಲ್ಲಿ ನೋಡಿ ಬರೆಯಬೇಕು: ಬಿಳಿ ಎಸಳು ಆರು, ಪ್ರತಿಯೊಂದರ ನಡುವೆ ಹಸಿರು ಗೆರೆ. ಇಲ್ಲದ್ದನ್ನು ಬರೆಯುವಂತಿಲ್ಲ. ಮುಗಿದಾಗ ಬೇರಿನ ಪಕ್ಕ ಸಣ್ಣಗೆ ತಮ್ಮ ಹೆಸರು ಬರೆದರು. ಅದು ಅಚ್ಚಾಗಲಿದೆ ಎಂಬ ಹಿಗ್ಗಿಗೆ ಮೂರು ಸಲ ಎದ್ದು ಬಂದು ನೋಡಿದರು.

ಗುಲ್ಬರ್ಗದ ಉಮಾನಾಥರದು ಸಸಿಗೆ ನೀರು ಹಾಕುವಾಗಲೂ ಸಭೆಯನ್ನುದ್ದೇಶಿಸುವ ಗಂಟಲು. ಬಾಯಿ ಕಾಲೇಜಿಗೆ ತಂದುಕೊಟ್ಟ ಚಿತ್ರ ನೋಡಿ ಗುಡುಗಿದರು.

"ಬಾಯಿ, ಬಿಡುಗಡಿಗಿ ದೊಡ್ಡ ದೊಡ್ಡ ಮಂದಿ ಬರಾವ್ರದಾರ. ಇದೇನ್ರಿ, ವಿಧವಿ ಸೀರಿ ಆಗ್ಯಾದ! ಗುಲಾಬಿ ಬಣ್ಣ ಹಚ್ರಿ. ಮ್ಯಾಲ ಒಂದ್ ಚಿಟ್ಟಿ ಕೂಡಸ್ರಿ."

"ನಾ ತಂದ ಗಿಡಕ್ಕ ಚಿಟ್ಟಿ ಇದ್ದಿಲ್ರಿ ಸಾಹೇಬ್ರ. ಇರಿವಿ ಇದ್ವು."

"ಇರಿವಿ ನೋಡ್ಲಿಕ್ಕ ಯಾರ್ ಬರ್ತಾರ್ರಿ?"

ಬಾಯಿ ಕುಂಚ ಮುಟ್ಟಲಿಲ್ಲ. ಪ್ರೊಫೆಸರರು ನಾಟಕದ ಪರದೆ ಬರೆಯುವವನನ್ನು ಕರೆಸಿ ಕೆಲಸ ಮುಗಿಸಿದರು. ವಾರದ ನಂತರ ಬಾಯಿ ಕಾಲೇಜಿಗೆ ಹೋಗಿ ನೋಡುತ್ತಾರೆ: ತಾವು ಬರೆದ ಹಾಳೆಯ ಮೇಲೆಯೇ ಈರುಳ್ಳಿ ಜಾತ್ರೆಯ ಮಿಠಾಯಿಯ ಬಣ್ಣಕ್ಕೆ ತಿರುಗಿದೆ. ಹಸಿರು ಗೆರೆಗಳು ಮುಚ್ಚಿಹೋಗಿವೆ. ಚಿಟ್ಟೆಗೆ ಹುಬ್ಬು ಕೂಡ ಇದೆ!

ಗುಣವತಿಬಾಯಿ ಸೆರಗಿನಿಂದ ಬಾಯಿ ಒತ್ತಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಬ್ಲೇಡು ತೆಗೆದು, ಬೇರಿನ ಪಕ್ಕದ ತಮ್ಮ ಹೆಸರನ್ನು ಕಾಗದ ಹರಿಯದಂತೆ ಒಂದೊಂದೇ ಅಕ್ಷರ ಕೆರೆದು ಹಾಕಿದರು.

ಉಮಾನಾಥರು ಕನ್ನಡಕ ಏರಿಸಿದರು. "ಅಲ್ರೀ ಬಾಯಿ, ಜರಾ ಗುಲಾಬಿ ಹಚ್ಚಿದ್ರ ಉಳ್ಳಾಗಡ್ಡಿಗಿ ಏನ್ ತ್ರಾಸ್ ಆಗ್ತದ್ರಿ?"

"ಉಳ್ಳಾಗಡ್ಡಿಗಿ ಏನೂ ಆಗಲ್ರಿ. ನನಗ ವಾಕರಕಿ ಬರ್ತದ."