ನಿಲ್ಲಿಸದೆ ಹೋದ ಕಾರು

ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಲ್ಲಿನ ಡಾಕ್ಟರ ಬೆಂಚಿನ ಮೇಲೂ ಕಾಲು ಕುಣಿಸುತ್ತಲೇ ಇರುತ್ತೇನೆ. ಅಂಥವನಿಗೆ ನಮ್ಮ ಬೀದಿನಾಟಕದ ತಂಡದವರು ಕೊಟ್ಟದ್ದು ಕಾರಿನ ಹಿಂದಿನ ಸೀಟಿನಲ್ಲಿ ಕದಲದೆ ಕೂರುವ ಪಾತ್ರ. "ನಿನ್ನ ಹೊಟ್ಟೆಗೆ ಇನ್ಯಾವ ಪಾರ್ಟೂ ಒಪ್ಪಲ್ಲ ಗುರು," ಎಂದ ನಿರ್ದೇಶಕ. ಕಾಲೇಜು ದಿನಗಳ ಗೆಳೆಯ, ಅನ್ನಲಿ ಬಿಡಿ.

ಅವನು ಯಾವುದೋ ಹಳೆಯ ಸ್ಪ್ಯಾನಿಷ್ ಸಿನಿಮಾ ನೋಡಿ ತಲೆಗೆ ಹಚ್ಚಿಕೊಂಡಿದ್ದ. ದೊಡ್ಡವರು ಬರುತ್ತಾರೆಂದು ಒಂದು ಊರಿನವರೆಲ್ಲ ವೇಷ ಹಾಕಿಕೊಂಡು ಕಾಯುತ್ತಾರೆ. ಕಾರುಗಳು ಬರುತ್ತವೆ, ನಿಲ್ಲದೆ ಹೋಗಿಬಿಡುತ್ತವೆ. ಅದನ್ನು ಜಯನಗರದ ನಮ್ಮ ರಸ್ತೆಯಲ್ಲೇ ಮೆರವಣಿಗೆ ಸಮೇತ ಆಡಬೇಕೆಂದು ಹಟ ಹಿಡಿದ. ಮೈಸೂರು ಪೇಟ, ತಮಟೆ, ಕಳಶ ಹಿಡಿದ ಹೆಂಗಸರು, ಬಾಳೆಕಂಬ ಎಲ್ಲ ಬಂತು. ಸಾಲದೆಂಬಂತೆ ರಸ್ತೆಯ ಎರಡೂ ಅಂಚಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ. ಈ ಊರಿನಲ್ಲಿ ಆ ಬಿಳಿ ಗೆರೆ ಬಿತ್ತೆಂದರೆ ಯಾರೋ ಮಂತ್ರಿ ಬರುತ್ತಿದ್ದಾರೆ ಎಂದೇ ಲೆಕ್ಕ.

ನಮ್ಮ ರಸ್ತೆ ತಿರುವಿನಲ್ಲಿ ಇಸ್ತ್ರಿ ಮಾಡುವ ಅಕ್ಕನೂ ಹಾಗೇ ಅಂದುಕೊಂಡರು. ಇಪ್ಪತ್ತು ವರ್ಷದಿಂದ ಹೊಂಗೆ ಮರದ ಕೆಳಗೆ ಅವರ ಗಾಡಿ. ಫುಟ್‌ಪಾತ್ ಕೆಲಸಕ್ಕೆ ಬಂದವರು ವಾರದೊಳಗೆ ಅದನ್ನು ಎತ್ತಬೇಕೆಂದು ಹೇಳಿ ಹೋಗಿದ್ದರು. ಗಾಡಿ ಹೋದರೆ ಅವರ ಬದುಕೇ ಹೋದಂತೆ. ಅವರ ಪರವಾಗಿ ಅರ್ಜಿ ಬರೆದುಕೊಟ್ಟವನು ನಾನೇ. ಅದನ್ನು ಹಿಡಿದು ಎರಡು ಸಲ ಪಾಲಿಕೆ ಕಚೇರಿಗೆ ಅಲೆದಿದ್ದರು, "ಸಾಹೇಬ್ರಿಲ್ಲ" ಎಂಬ ಮಾತು ಕೇಳಿ ವಾಪಸು ಬಂದಿದ್ದರು. ನಾಟಕದ ಗಡಿಬಿಡಿಯಲ್ಲಿ ಅವರಿಗೊಂದು ಮಾತು ಹೇಳುವುದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕರಿ ಕನ್ನಡಕ, ಕೋಟು ಹಾಕಿಕೊಂಡು ಕಾರು ಹತ್ತಿದೆ. ಸೆಕೆ. ಕಾಲು ಆಗಲೇ ಕುಣಿಯತೊಡಗಿತ್ತು. ತಮಟೆ ಜೋರಾಯಿತು, ಜನ ಮೊಬೈಲ್ ಎತ್ತಿದರು. ತಿರುವಿನಲ್ಲಿ ಅಕ್ಕ ನಿಂತಿದ್ದರು. ಒಳ್ಳೆಯ ಸೀರೆ, ತಲೆಗೆ ಹೂವು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅರ್ಜಿ. ಕಾರು ಹತ್ತಿರವಾದಾಗ ಬಗ್ಗಿ ಒಳಗೆ ನೋಡಿದರು. ಮರುಕ್ಷಣವೇ ಗಾಜು ಬಡಿಯುತ್ತಾ ಪಕ್ಕದಲ್ಲೇ ಓಡತೊಡಗಿದರು.

ನಿಲ್ಲಿಸು ಎಂದರೆ ಮುಗಿಯುತ್ತಿತ್ತು. ಡ್ರೈವರ್ ಕೂಡ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಆದರೆ ಮೂರು ವಾರದ ತಾಲೀಮು ಹಾಳಾಗುತ್ತದೆ, ಗೆಳೆಯ ಕೂಗಾಡುತ್ತಾನೆ, ಇಷ್ಟು ಜನ ನಗುತ್ತಾರೆ. ಹೀಗೆಲ್ಲ ಯೋಚಿಸಿ, ಜನ್ಮದಲ್ಲಿ ಮೊದಲ ಸಲ ಕಲ್ಲಿನಂತೆ ಕೂತೆ. ಎದುರಿಗೇ ನೋಡಿದೆ. ಕಾರು ಹೋಯಿತು. ಹಿಂದೆ ಭರ್ಜರಿ ಚಪ್ಪಾಳೆ. "ಆ ಆಂಟಿ ಆ್ಯಕ್ಟಿಂಗ್ ಸಖತ್ ಮಗಾ" ಎಂದು ಯಾರೋ ಕೂಗಿದ್ದೂ ಕೇಳಿಸಿತು.

ಮುಂದಿನ ಕ್ರಾಸಿನಲ್ಲಿ ಇಳಿದು, ಕೋಟು ಬಿಚ್ಚಿ ಸೀಟಿಗೆ ಎಸೆದು, ಬಿರಬಿರನೆ ವಾಪಸು ನಡೆದೆ. ಮನಸ್ಸಿನಲ್ಲೇ ಹತ್ತು ಸಲ ಮಾತು ಜೋಡಿಸಿಕೊಂಡೆ. ಅಕ್ಕ ಗಾಡಿಯ ಪಕ್ಕ ಕಲ್ಲಿನ ಮೇಲೆ ಕೂತು ಕಾಲಿನ ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದರು. ಓಡುವಾಗ ಚಪ್ಪಲಿಯ ಬಾರು ಕಿತ್ತು ಹೋಗಿತ್ತು.

"ಅಕ್ಕ, ಅದು ನಾಟಕ. ಯಾವ ಮಂತ್ರೀನೂ ಬರ್ಲಿಲ್ಲ. ನಿಮಗೆ ಮೊದ್ಲೇ ಹೇಳ್ಬೇಕಿತ್ತು, ತಪ್ಪಾಯ್ತು."

"ಗೊತ್ತಾಯ್ತು ಬಿಡಿ ಸಾರ್."

"ಮಂತ್ರಿ ಅನ್ಕೊಂಡು ಪಾಪ ಅಷ್ಟು ದೂರ ಓಡಿದ್ರಲ್ಲ..."

ಅವರು ತಲೆ ಎತ್ತಿದರು. ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗದೆ ಹೋದದ್ದು.

"ಮಂತ್ರಿಗಳು ನಿಲ್ಸಲ್ಲ ಅಂತ ನಂಗ್ ಗೊತ್ತಿಲ್ವಾ ಸಾರ್? ಪೇಪರ್ ತೋರ್ಸಿ ಸುಮ್ನೆ ನಿಂತ್ಕೊಳ್ಳೋಣ ಅಂತಿದ್ದೆ. ಒಳಗೆ ನಿಮ್ಮನ್ನ ನೋಡಿದ್ಮೇಲೇನೇ ನಾನು ಓಡಿದ್ದು."