ಎಡಗೈಯಲ್ಲಿ ಹಿಡಿದ ಉಡಿ

ಅಂದು ಅಕ್ಕಿ ಚೆಲ್ಲಿತ್ತೇ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ನಾನು ಹೌದೆನ್ನಲಾರೆ. ಚೆಲ್ಲಿದ್ದನ್ನು ಕಂಡ ನೆನಪಿದೆ. ಆ ನೆನಪು ಅಂದೇ ಹುಟ್ಟಿದ್ದೋ, ತೀರ್ಪು ಬಂದ ಮೇಲೆ ಬೇಕೆಂದು ನಾನೇ ಹುಟ್ಟಿಸಿಕೊಂಡದ್ದೋ ತಿಳಿಯದು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಇದೊಂದೇ: ಕಂಡೆ ಎನ್ನುವವನನ್ನು ಬೇಗ ನಂಬಬೇಡ.

ಗಂಡನ ಏಟು ತಾಳಲಾರದೆ ಅಕ್ಕ ಸಂತೇಬೆನ್ನೂರಿನ ನಮ್ಮ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ನ್ಯಾಮತಿಯ ಆಚೆಯ ಊರಿನಿಂದ ಭಾವ ಅವಳನ್ನು ಕರೆದೊಯ್ಯಲು ಬಂದ. "ಒಳಗೆ ಎರಡು ಮಾತಾಡ್ತೀವಿ" ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಗೋಡೆಗೆ ಏನೋ ಬಡಿಯಿತು. ಆಮೇಲೆ ಒಣಗಿದ ಮೆಕ್ಕೆಜೋಳದ ದಂಟು ಮುರಿದಂಥ ಸದ್ದು. ಇದನ್ನೂ ಕೇಳಿದ್ದೆನೋ, ಸೇರಿಸಿಕೊಂಡೆನೋ. ಅಕ್ಕ ಕೂಗಲಿಲ್ಲ. ಹೊರಬಂದಾಗ ತುಟಿ ಒಡೆದಿತ್ತು. "ಹೋಗ್ತೀನಿ" ಎಂದಳು.

ಅವ್ವ ಉಡಿ ತುಂಬಿದಳು. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕಾಯಿ, ಎಲೆ-ಅಡಿಕೆ ಹಾಕದೆ ಕಳಿಸುವುದು ನಮ್ಮಲ್ಲಿಲ್ಲ. ಅಕ್ಕ ಸೆರಗನ್ನು ಎಡಗೈಯೊಂದರಲ್ಲೇ ಒಡ್ಡಿದಳು. ಒಂದು ಕಡೆಯಿಂದ ಅಕ್ಕಿ ಸುರಿಯಿತು.

"ಎರಡೂ ಕೈಯಾಗೆ ಹಿಡಿಯಾಕೆ ಏನಾಗೇತೆ ನಿನಗೆ?" ಅವ್ವ ಗದರಿದಳು.

ಭಾವ ನಕ್ಕ. "ನಮ್ಮನೇಲೂ ಹಿಂಗೇ ಅತ್ತೆ. ನಿಮ್ಮ ಮಗಳು ಅರ್ಧ ಬೇಯಿಸ್ತಾಳೆ, ಅರ್ಧ ಕೋಳಿಗೆ ಚೆಲ್ತಾಳೆ."

ಆ ಮಳೆಗಾಲ ಮುಗಿಯುವುದರೊಳಗೆ ಅವನು ಕಬ್ಬಿಣದ ಪೈಪಿನಿಂದ ಅಕ್ಕನ ಮುಖಕ್ಕೆ ಹೊಡೆದ. ಕೆನ್ನೆಯ ಮೂಳೆ ಒಳಗೆ ಕುಸಿಯಿತು, ಬಲಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಎಲ್ಲರೂ ಆ ಕಣ್ಣನ್ನೇ ನೋಡಿದೆವು.

ಅಟ್ಟದ ಏಣಿಯಿಂದ ಬಿದ್ದಳು ಎಂಬುದು ಕೋರ್ಟಿನಲ್ಲಿ ಅವನ ವಾದ. ಹೊಡೆದದ್ದನ್ನು ಕಂಡವರಿರಲಿಲ್ಲ. ಅಕ್ಕನ ಮಾತನ್ನು ನಂಬಿದರೆ ಅವನು ಜೈಲಿಗೆ, ಇಲ್ಲದಿದ್ದರೆ ಮನೆಗೆ. ಅವನ ವಕೀಲರು ಅವ್ವನನ್ನು ಪಾಟೀಸವಾಲಿಗೆ ನಿಲ್ಲಿಸಿಕೊಂಡರು.

"ಮಗಳಿಗೆ ಉಡಿ ತುಂಬಿ ಕಳಿಸಿದ್ರಾ ಅಮ್ಮ?"

"ತುಂಬಿದೆ ಸ್ವಾಮಿ."

"ಆಗ ಆಕೆ ಅತ್ತಳಾ?"

"ಇಲ್ರಿ."

"ಹೊಡೆಯೋನ ಮನೆಗೆ ಯಾರಾದ್ರೂ ಉಡಿ ತುಂಬಿ ಕಳಿಸ್ತಾರಾ?"

"ಮುತ್ತೈದೆ ಸತ್ರೆ ಹೆಣಕ್ಕೂ ಉಡಿ ತುಂಬ್ತೀವಿ ಸ್ವಾಮಿ. ಖುಷಿ ಐತೆ ಅಂತ ತುಂಬ್ತೀವಾ?"

ಯಾರೋ ನಕ್ಕರು. ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದರು: ಉಡಿ ತುಂಬಿ ಕಳಿಸಿದ್ದು ನಿಜ, ಮಗಳು ಅಳಲಿಲ್ಲ. ಹೆಣದ ಮಾತು ಬರಹಕ್ಕೆ ಇಳಿಯಲಿಲ್ಲ.

ನಿಜವಾಗಿ ಹಿಂಸೆಗೊಳಗಾದ ಹೆಣ್ಣು ಕೂಗುತ್ತಿದ್ದಳು, ಅಳುತ್ತಿದ್ದಳು, ಉಡಿ ತುಂಬಿಸಿಕೊಂಡು ಗಂಡನ ಜೊತೆ ಹೋಗುತ್ತಿರಲಿಲ್ಲ ಎಂದಿತು ತೀರ್ಪು. ಸಂಶಯದ ಲಾಭ ಅವನಿಗೆ ಸಿಕ್ಕಿತು. ಸಂಶಯ ನನ್ನ ಕಸುಬು. ಜಗಳೂರಿನ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ನಾನು ಕಲಿಸುವುದೂ ಅದನ್ನೇ. ಆದರೆ ಅಳದ ಅಕ್ಕನನ್ನು ಅಷ್ಟು ಸಂಶಯಿಸಿದವರು ಆ ಏಣಿಯನ್ನು ಒಂದು ಗಳಿಗೆಯೂ ಸಂಶಯಿಸಲಿಲ್ಲ. ತೀರ್ಪಿನಲ್ಲಿದ್ದ ಆ ಕೂಗುವ ಹೆಣ್ಣನ್ನು ನ್ಯಾಯಾಧೀಶರು ಎಲ್ಲಿ ಕಂಡಿದ್ದರೋ. ನಮ್ಮ ಕೇರಿಯಲ್ಲಿ ಏಟು ತಿಂದವರು ಬಾಯಿಗೆ ಸೆರಗು ತುರುಕಿಕೊಳ್ಳುತ್ತಾರೆ, ಪಕ್ಕದ ಮನೆಗೆ ಕೇಳಿಸಬಾರದೆಂದು.

ಕೋರ್ಟಿನ ಅಂಗಳದಲ್ಲಿ ಅವನು ಅವ್ವನಿಗೆ ಅಡ್ಡ ನಿಂತ. "ಮತ್ತೆ ಉಡಿ ತುಂಬಿ ಕಳಿಸ್ರಿ ಅತ್ತೆ. ಇನ್ನೊಂದು ಕಣ್ಣು ಐತಲ್ಲ ನಿಮ್ಮ ಮಗಳಿಗೆ."

ಅಕ್ಕ ಬಲಗೈ ಬೀಸಿದಳು. ಅಂಗೈ ತಿರುಗಲಿಲ್ಲ. ಸೊಟ್ಟಗಿನ ಮಣಿಕಟ್ಟು ಅವನ ದವಡೆಗೆ ತಾಗಿ, ನೋವಿಗೆ ಅವಳೇ ಚೀರಿದಳು. ಅವಳು ಚೀರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಅವಳ ಹೊಟ್ಟೆಗೆ ಒದ್ದ. ಅವ್ವ ಅವನ ಮುಂಗೈಗೆ ಹಲ್ಲು ಊರಿದಳು. ಪೊಲೀಸರು ಕೂದಲು ಹಿಡಿದು ಎಳೆದರೂ ಬಿಡಲಿಲ್ಲ. ಬಿಟ್ಟಾಗ ಅವಳ ಗದ್ದದಿಂದ ಇಳಿಯುತ್ತಿದ್ದದ್ದು ಅವನ ರಕ್ತ. ಇದರಲ್ಲಿ ನನಗೆ ಅನುಮಾನವಿಲ್ಲ. ಅಂಗಳದ ತುಂಬ ಜನ ನೋಡುತ್ತಿದ್ದರು.

ಬಸ್ಸು ಹೊನ್ನಾಳಿ ದಾಟಿದ ಮೇಲೆ ಅಕ್ಕನನ್ನು ಕೇಳಿದೆ, "ಕೈ ಯಾವಾಗಿಂದ ಹಿಂಗೈತೆ?"

"ಉಡಿ ತುಂಬಿದ್ರಲ್ಲ, ಅವತ್ತಿಂದ. ಕೋಣೆಯಾಗೆ ತಿರುವಿದ."

"ಅವತ್ತು ಅಕ್ಕಿ ಚೆಲ್ಲಿತ್ತಾ?"

"ಅಕ್ಕಿ ಯಾರಿಗೆ ನೆನಪೈತೆ ಮಾರಾಯ? ಕೈ ನೆನಪೈತೆ."

"ಮತ್ತೆ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಕಣ್ಣು ಹೋದೋಳನ್ನ ಕೈ ಬಗ್ಗೆ ಯಾರು ಕೇಳಿದ್ರು?" ಎಂದು ಕಿಟಕಿಯ ಕಡೆ ತಿರುಗಿದಳು.

ಮೇಲ್ಮನವಿ ಹಾಕಿದ್ದೇವೆ. ಅಲ್ಲಿ ಅವಳ ಮಾತನ್ನು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಅವಳನ್ನು ದಾವಣಗೆರೆಯ ಮೂಳೆ ವೈದ್ಯರ ಬಳಿಗೆ ಕರೆದೊಯ್ದೆ. ಎಕ್ಸ್‌ರೇಯಲ್ಲಿ ದಂಟಿನ ಸದ್ದಿಲ್ಲ, ಚೆಲ್ಲಿದ ಅಕ್ಕಿಯಿಲ್ಲ, ಮುರಿದವನ ಹೆಸರೂ ಇಲ್ಲ. ಇನ್ನೊಬ್ಬ ವೈದ್ಯರಿಗೂ ತೋರಿಸಿ ನಾನು ಖಚಿತಪಡಿಸಿಕೊಂಡದ್ದು ಇಷ್ಟೇ: ಅಕ್ಕನ ಬಲಗೈಯ ಮಣಿಕಟ್ಟು ಹಿಂದೆ ಮುರಿದಿತ್ತು; ಕಟ್ಟು ಕಾಣದೆ ಓರೆಯಾಗಿ ಕೂಡಿಕೊಂಡಿದೆ.