ವಿಲ್ಡಾಳ ಭುಜ, ಡೆಲ್ಮರನ ಸ್ಪ್ರಿಂಗು

ನನ್ನ ಅಕ್ಕ ವಿಲ್ಡಾಳ ಗಂಡ ಡೆಲ್ಮರ್ ಕೆಸಲ್ ಮೂವತ್ತೊಂದು ವರ್ಷ ನಮ್ಮ ಕೌಂಟಿಯ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವನು. ಬಸ್ಸು ಗುಡ್ಡದ ತಿರುವಿನಲ್ಲಿ ಕಾಣಿಸುವ ಮೊದಲೇ ಸದ್ದು ಕೇಳಿ, “ಹದಿನಾಲ್ಕನೇ ನಂಬರು, ಹಿಂದಿನ ಬ್ರೇಕು ಸವೆದಿದೆ” ಎನ್ನುತ್ತಿದ್ದ. ಅಂಥವನು ಈ ವರ್ಷ ಆರು ತಿಂಗಳು ಒಂದು ಯಃಕಶ್ಚಿತ್ ಸ್ಪ್ರಿಂಗಿನ ಮುಂದೆ ಪೆದ್ದನ ಹಾಗೆ ಕೂತಿದ್ದ. ನೋಡಿ ನೋಡಿ ನನಗೇ ತಲೆ ಕೆಟ್ಟುಹೋಯಿತು.

ಡೆಲ್ಮರ್ ಹೊಸ ಮೊಳೆ ಕೊಂಡದ್ದನ್ನು ನಾನು ಕಂಡವಳಲ್ಲ. ಅವನ ಶೆಡ್ಡಿನ ತುಂಬಾ ಕಾಫಿಪುಡಿ ಡಬ್ಬಗಳು. ಒಂದರಲ್ಲಿ ಮೊಳೆ, ಒಂದರಲ್ಲಿ ಬೋಲ್ಟು, ಇನ್ನೊಂದರಲ್ಲಿ ಅವನಿಗೂ ದೇವರಿಗೂ ಮಾತ್ರ ಗೊತ್ತಿರುವ ಏನೋ. ಮೂರು ವರ್ಷದ ಹಿಂದೆ ಗುಡ್ಡದ ಮೇಲಿನ ನಮ್ಮಪ್ಪನ ಬೇಟೆ ಅಟ್ಟಣೆಗೆ ಅದೇ ಡಬ್ಬದ ಮೊಳೆ ಹೊಡೆದು ಏಣಿ ಕಟ್ಟಿದ. ಮಾರನೆಯ ವರ್ಷದ ಶರತ್ಕಾಲದಲ್ಲಿ ಒಂದು ಮೆಟ್ಟಿಲು ಕಿತ್ತು ಬಂತು. ವಿಲ್ಡಾ ಬಿದ್ದಳು. ಬಲ ಭುಜಕ್ಕೆ ಆಪರೇಷನ್ ಆಯಿತು.

ಜಿಂಕೆ ಬೇಟೆ ಶುರುವಾಗುವ ನವೆಂಬರಿನ ಸೋಮವಾರ ನಮ್ಮಲ್ಲಿ ಶಾಲೆಗೂ ರಜೆ. ಎಂಟನೇ ವಯಸ್ಸಿನಿಂದ ಆ ದಿನ ತಪ್ಪಿಸದ ನನ್ನಕ್ಕ ಎರಡು ವರ್ಷ ಅಡುಗೆಮನೆ ಕಿಟಕಿಯ ಹತ್ತಿರ ಕೂತು ಗುಡ್ಡ ನೋಡಿದಳು. ಈ ವರ್ಷ ಮೇ ತಿಂಗಳಲ್ಲಿ ಹೇಳಿಯೇಬಿಟ್ಟಳು: “ಈ ಸಲಾನೂ ಆಗ್ಲಿಲ್ಲ ಅಂದ್ರೆ ಅಪ್ಪನ ಅಟ್ಟಣೆ ಪಕ್ಕದ್ಮನೆ ಕ್ಲೀಟಸ್ ಮಗನಿಗೆ ಕೊಟ್ಬಿಡ್ತೀನಿ. ಖಾಲಿ ಅಟ್ಟಣೆ ನೋಡ್ತಾ ಕೂರೋಕೆ ನನ್ ಕೈಲಾಗಲ್ಲ.”

ಆ ರಾತ್ರಿ ಡೆಲ್ಮರ್ ಊಟ ಮಾಡಲಿಲ್ಲ. ಮಾರನೆಯ ದಿನ ಅಂಗಡಿಗೆ ಹೋಗಿ, ಕಾಗದಪತ್ರಕ್ಕೆ ಸಹಿ ಹಾಕಿ ಬಂದೂಕಿನ ಒಡಲನ್ನು ತಂದ. ತಾನೇ ಮುಂದಿನ ಗುಂಡನ್ನು ಏರಿಸಿಕೊಳ್ಳುವ ರೈಫಲ್ಲು ಜೋಡಿಸುತ್ತೇನೆ, ಅದರಲ್ಲಿ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತದ ಅರ್ಧ ಒಳಗೇ ಕರಗಿಹೋಗುತ್ತದೆ, ವಿಲ್ಡಾಳ ಭುಜಕ್ಕೆ ಹಿತ ಎಂದ. ಸರಿ, ಒಳ್ಳೆಯ ಮಾತೇ. ಆದರೆ ಉಳಿದ ಭಾಗಗಳನ್ನಾದರೂ ಹೊಸದು ತರಬೇಕೋ ಬೇಡವೋ? ಇಲ್ಲ! ಮತ್ತೆ ಡಬ್ಬಕ್ಕೇ ಕೈ ಹಾಕಿದ.

ಶನಿವಾರ ಬೆಳಿಗ್ಗೆ ನಮ್ಮೂರಿನ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಎಲ್ಲರೂ ಸೇರಿ ಹುರುಳಿಗೋಧಿ ದೋಸೆ, ಸಾಸೇಜು ತಿನ್ನುತ್ತಾರೆ. ಹಿಂದಿನ ಮೇಜಿನ ಮೇಲೆ ಗಂಡಸರ ಡಬ್ಬಗಳು, ಅವುಗಳಲ್ಲಿ ಮಿಕ್ಕುಳಿದ ಬಂದೂಕಿನ ಭಾಗಗಳು. ದುಡ್ಡು ಕೊಡಬೇಕಿಲ್ಲ, ಆದರೆ ಕೊಡುವವನ ಉಪದೇಶವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಅದೇ ಅಲ್ಲಿನ ಕಟ್ಟಳೆ.

ಭುಜಕ್ಕೆ ಆನಿಸುವ ಭಾಗದೊಳಗೆ ಒಂದು ಕೊಳವೆ, ಕೊಳವೆಯಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ತೂಕದ ತುಂಡು. ನನಗೆ ಅರ್ಥವಾದದ್ದು ಇಷ್ಟೇ.

“ಭಾರದ ತೂಕ ಹಾಕು ಡೆಲ್ಮರ್. ನಿಧಾನಕ್ಕೆ ಹಿಂದೆ ಹೋಗುತ್ತೆ, ಒದೆಯಲ್ಲ,” ಎಂದು ಕೊಳವೆಯೊಂದನ್ನು ಕೈಗಿಟ್ಟ ಬರ್ಲ್. ಅವನು ಸೈನ್ಯದಲ್ಲಿದ್ದವನು.

“ಇವನ ಮಾತು ಕೇಳಿದ್ರೆ ಕೆಟ್ಟೆ!” ಎಂದ ಕ್ಲೀಟಸ್, ಬಾಯ್ತುಂಬ ದೋಸೆ ಇಟ್ಟುಕೊಂಡೇ. “ಹಗುರದ್ದು ಹಾಕೋ ಮಾರಾಯ. ಹಿಂದಕ್ಕೆ ಬರೋದೇ ಕಮ್ಮಿ ಇದ್ರೆ ಒದೆಯೋದು ಯಾವುದು?”

“ಸೈನ್ಯದಲ್ಲಿದ್ದೋನು ನಾನೋ ನೀನೋ?”

“ಅಲ್ಲೂ ನೀನು ಆಲೂಗಡ್ಡೆ ಹೆಚ್ತಿದ್ದೆ ಅಂತ ನಿನ್ನ ಹೆಂಡ್ತೀನೇ ಹೇಳಿದ್ಲು!”

ಡೆಲ್ಮರ್ ಇಬ್ಬರ ಮಾತಿಗೂ ತಲೆಯಾಡಿಸಿದ, ಇಬ್ಬರ ಡಬ್ಬದಿಂದಲೂ ತೆಗೆದುಕೊಂಡ. ಯಾರನ್ನೂ ನೋಯಿಸದ ಸ್ವಭಾವ ಅವನದು. ಕೊಳವೆ ಬರ್ಲನದು, ಭಾರದ್ದೂ ಹಗುರದ್ದೂ ಎರಡೂ ತೂಕ ಕ್ಲೀಟಸನದು, ಸ್ಪ್ರಿಂಗು ಯಾರದೋ.

ಅಲ್ಲಿಂದ ಶುರುವಾಯಿತು ಗೋಳು. ಭಾರದ ತೂಕ ಹಾಕಿದರೆ ಎರಡನೆಯ ಗುಂಡು ಏರುತ್ತಿರಲಿಲ್ಲ. ಹಗುರದ್ದು ಹಾಕಿದರೆ ಏರುತ್ತಿತ್ತು, ಆದರೆ ಹಾಳಾದ್ದು ಕತ್ತೆಯಂತೆ ಒದೆಯುತ್ತಿತ್ತು. ಸ್ಪ್ರಿಂಗು ಬದಲಿಸಿದ, ತೂಕ ಬದಲಿಸಿದ, ಎರಡನ್ನೂ ಒಟ್ಟಿಗೆ ಬದಲಿಸಿದ. ಯಾವುದರಿಂದ ಏನಾಯಿತು ಎಂದು ಅವನಿಗೇ ತಿಳಿಯದಾಯಿತು. ನಾನು ರೊಟ್ಟಿ ಕೊಡಲು ಹೋದರೆ, “ನೀನೇ ಹೇಳು, ಭಾರಾನೋ ಹಗುರಾನೋ?” ಎಂದು ನನ್ನನ್ನೇ ಕೇಳುತ್ತಿದ್ದ. ನನ್ನನ್ನು! ನನಗೆ ಹೊಲಿಗೆ ಯಂತ್ರದ ಸೂಜಿ ಹಾಕಲೂ ಬರುವುದಿಲ್ಲ.

“ನಿನ್ನ ಭುಜ ಹಂದಿ ತೊಡೆ ಇದ್ದಂಗಿದೆ, ಅದಕ್ಕೇನು ತಿಳಿಯುತ್ತೆ? ವಿಲ್ಡಾ ಕೈಗೇ ಕೊಟ್ಟು ನೋಡು,” ಎಂದೆ.

“ಸರಿಹೋಗೋವರೆಗೂ ಅವಳ ಕೈಗೆ ಕೊಡಲ್ಲ,” ಎಂದ. ಮುಖ ಬಿಳಿಚಿಕೊಂಡಿತ್ತು. ಇಷ್ಟು ಸಣ್ಣ ಮಾತಿಗೆ ಇವನೇಕೆ ಹೀಗೆ ಹೆದರುತ್ತಾನೆ ಎಂದು ನನಗೆ ಹೊಳೆಯಲಿಲ್ಲ.

ಬೇಟೆಗೆ ಇನ್ನು ಎಂಟು ದಿನ ಇತ್ತು. ಭಾನುವಾರ ಚರ್ಚಿನಿಂದ ಬಂದು ಮನೆಯ ಹಿಂದಿನ ಮಣ್ಣುದಿಬ್ಬಕ್ಕೆ ಗುರಿಯಿಟ್ಟು ನಿಂತಿದ್ದ ಅವನ ಹತ್ತಿರ ವಿಲ್ಡಾ ಏಪ್ರನ್ ಕಟ್ಟಿಕೊಂಡೇ ಬಂದಳು.

“ಕೊಡಿಲ್ಲಿ.”

“ವಿಲ್ಡಾ, ಇನ್ನೂ—”

“ಕೊಡು ಅಂದ್ರೆ ಕೊಡು.”

ಅವಳು ಹೊಡೆದಳು. ಡೆಲ್ಮರ್ ಕಣ್ಣು ಮುಚ್ಚಿಕೊಂಡಿದ್ದ. ಅವಳು ಭುಜ ಒತ್ತಿ ನೋಡಿಕೊಂಡಳು.

“ಇದು ಎರಡು ಸಲ ಒದೆಯುತ್ತೆ ಕಣೋ. ಮೊದಲನೇದು ಮಾಮೂಲಿ. ಆಮೇಲೆ ಏನೋ ಹಿಂದಕ್ಕೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ. ನಿನ್ನ ಬಸ್ಸಿನ ಬಾಗಿಲು ಬಡ್ಕೊಳ್ತಿರಲಿಲ್ವಾ, ಹಂಗೆ.”

ಬಸ್ಸು ಎಂದದ್ದೇ ತಡ, ಡೆಲ್ಮರ್ ಎಲ್ಲವನ್ನೂ ಬಿಚ್ಚಿ ಕೊಳವೆಯೊಳಗೆ ಅಳತೆಪಟ್ಟಿ ಇಳಿಸಿದ. ಬರ್ಲನ ಕೊಳವೆ ಕ್ಲೀಟಸನ ತೂಕಕ್ಕೆ ಬೇಕಾದ್ದಕ್ಕಿಂತ ಮುಕ್ಕಾಲು ಇಂಚು ಉದ್ದ. ಅವೆರಡೂ ಒಂದಕ್ಕೊಂದು ಹೊಂದುವಂಥವೇ ಅಲ್ಲ. ತೂಕ ಮಿತಿಮೀರಿ ಹಿಂದೆ ಸರಿಯುತ್ತಿತ್ತು. ಆರು ತಿಂಗಳು ತೂಕ ತೂಗಿದವನು ಕೊಳವೆಯನ್ನು ಅಳೆದೇ ಇರಲಿಲ್ಲ!

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತ.

“ಏಣಿಗೂ ಹಿಂಗೇ ಮಾಡ್ದೆ,” ಎಂದ. “ಡಬ್ಬದ ತುಕ್ಕು ಮೊಳೆ ಹೊಡೆದು ನಿನ್ನ ಭುಜ ಹಾಳು ಮಾಡ್ದೆ. ಇನ್ನೊಂದ್ಸಲ ನನ್ನ ಕೈಯಿಂದಲೇ ನಿಂಗೆ ನೋವಾದ್ರೆ...”

ಎರಡು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

ವಿಲ್ಡಾ ಬಂದೂಕನ್ನು ಕೆಳಗಿಟ್ಟಳು. “ಆ ಮೊಳೆಗಳನ್ನ ಆರಿಸಿ ಒಂದೊಂದೇ ನಿನ್ನ ಕೈಗೆ ಕೊಟ್ಟೋಳು ಯಾರು ಹೇಳು?”

ಡೆಲ್ಮರ್ ತಲೆಯೆತ್ತಿದ.

“ನಾನಲ್ವಾ? ಇದಿರಲಿ ಬಿಡು, ಇನ್ನೂ ಗಟ್ಟಿಯಾಗಿದೆ ಅಂದೋಳೂ ನಾನೇ. ನೀನು ಎತ್ತಲಿಲ್ಲ ಅಂತ ನಾನೂ ಆ ಮಾತು ಎತ್ತಲಿಲ್ಲ. ಭುಜ ನಂದು. ಊರಿಗೆಲ್ಲ ಕೇಳ್ದೆ, ನನ್ನೊಬ್ಬಳನ್ನ ಕೇಳ್ಲಿಲ್ವಲ್ಲೋ!”

ಮಾರನೆಯ ದಿನ ಡೆಲ್ಮರ್ ಅಂಗಡಿಗೆ ಹೋಗಿ ಕೊಳವೆ, ಸ್ಪ್ರಿಂಗು, ತೂಕ ಮೂರೂ ಒಂದೇ ಪೊಟ್ಟಣದಲ್ಲಿರುವ ಹೊಸ ಸೆಟ್ಟು ತಂದ. ಏಣಿಗೆ ಹೊಸ ಬೋಲ್ಟುಗಳನ್ನೂ ತಂದ. ಶನಿವಾರ ಠಾಣೆಯಲ್ಲಿ ಸುದ್ದಿ ಕೇಳಿ ಬರ್ಲನೂ ಕ್ಲೀಟಸನೂ ಅವನಿಗೆ ಕಾಯಿಲೆಯೇನೋ ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದರು.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಗುಡ್ಡದಿಂದ ಒಂದು ಗುಂಡಿನ ಸದ್ದು ಕೇಳಿಸಿತು. ಜಗುಲಿಯಲ್ಲಿ ಕಾಫಿ ಹಿಡಿದು ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ. ಅಯ್ಯೋ, ಮತ್ತೆ ಸಿಕ್ಕಿಕೊಂಡಿತೇ? ಭುಜ ಹೋಯಿತೇ? ಬೇಟೆಗಾರರ ಕಣ್ಣಿಗೆ ಬೀಳಲೆಂದು ಹಾಕುವ ಕಿತ್ತಳೆ ಬಣ್ಣದ ಅಂಗಿ ತಲೆಯ ಮೇಲಿಂದ ತುರುಕಿಕೊಂಡು ಏದುಸಿರು ಬಿಡುತ್ತ ಓಡಿದೆ.

ಡೆಲ್ಮರ್ ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದ. ವಿಲ್ಡಾ ಇಳಿಯುತ್ತಿದ್ದಳು. ಆಚೆ ಓಕ್ ಮರದ ಬುಡದಲ್ಲಿ ಕೊಂಬಿನ ಜಿಂಕೆ ಬಿದ್ದಿತ್ತು.

“ಎರಡನೇ ಗುಂಡು ಏರಲಿಲ್ವೇನೇ?” ಎಂದು ಕಿರುಚಿದೆ.

“ಏರಿತ್ತು. ಬೇಕಾಗ್ಲಿಲ್ಲ.”

ಡೆಲ್ಮರ್ ಏಣಿ ಬಿಡದೆ ಕೇಳಿದ: “ನೋಯ್ತಾ?”

“ಹೂಂ, ನೋಯ್ತು,” ಎಂದಳು ವಿಲ್ಡಾ, ಕೊನೆಯ ಮೆಟ್ಟಿಲಲ್ಲಿ ನಿಂತು ಅವನ ಹೆಗಲ ಮೇಲೆ ಕೈಯಿಟ್ಟು. “ಬರೋ ವರ್ಷಾನೂ ಇಷ್ಟೇ ನೋಯಲಿ.”